ಮನೆ ಬಾಡಿಗೆಗೆ ಕೊಡುವುದಿದೆ

ಹೆಣ್ಣು ಹೆತ್ತವರು ವರಾನ್ವೇಷಣೆಯಲ್ಲಿ ಪಡುವ ಪಾಡನ್ನು ಕುರಿತು ನಮ್ಮ ಕತೆಗಾರರು ಬೇಕಾದಷ್ಟು ಬರೆದಿದ್ದಾರೆ. ಮನೆ ಕಟ್ಟಿಸಿದವರು ಬಾಡಿಗೆದಾರರ ಅನ್ವೇಷಣೆಯಲ್ಲಿ ಪಡುವ ಪಾಡನ್ನು ಬರೆದವರು ಕಡಿಮೆ. ಎರಡರಲ್ಲಿಯೂ ಕುಲಗೋತ್ರಗಳ ವಿಚಾರಣೆಯುಂಟು, ಸಂಬಳದ ವಿಚಾರಣೆಯುಂಟು, ಬಂದವರ ಮುಂದೆ ಚಹದ ಬಟ್ಟಲನ್ನಿಟ್ಟು ಒಳಗೊಳಗೇ ಅವರನ್ನು ಅಳೆಯುವ ಕಣ್ಣುಗಳುಂಟು. ವ್ಯತ್ಯಾಸ ಒಂದೇ. ವರನನ್ನು ಒಮ್ಮೆ ಆರಿಸಿದರೆ ಮುಗಿಯಿತು. ಬಾಡಿಗೆದಾರನ ವಿಷಯ ಹನ್ನೊಂದು ತಿಂಗಳಿಗೊಮ್ಮೆ ಮತ್ತೆ ತಲೆಯೆತ್ತುತ್ತದೆ. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ನಮ್ಮ ದೇಶದ ಮನೆಮಾಲಕರೆಲ್ಲರೂ ವರ್ಷಕ್ಕೆ ಹನ್ನೊಂದೇ ತಿಂಗಳೆಂದು ತೀರ್ಮಾನಿಸಿಕೊಂಡುಬಿಟ್ಟಿದ್ದಾರೆ.

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿದೆ. ಖಾನಾಪುರದಲ್ಲಿ ಶಾಲಾ ಮಾಸ್ತರರಾಗಿದ್ದ ನಮ್ಮ ತೀರ್ಥರೂಪರು ನಿವೃತ್ತಿಯ ಹಣದಲ್ಲಿ ಕಟ್ಟಿಸಿದ್ದು. ಜಾಗ ಇಳಿಜಾರಿನದು, ರಸ್ತೆಯ ಕಡೆಯಿಂದ ನೋಡಿದರೆ ಒಂದೇ ಅಂತಸ್ತು, ಹಿತ್ತಲಿನ ಕಡೆಯಿಂದ ನೋಡಿದರೆ ಎರಡು. ಕೆಳಗಿನ ಮನೆಗೆ ಹೋಗಬೇಕಾದರೆ ಪಕ್ಕದ ಓಣಿಯಲ್ಲಿ ಎಂಟು ಮೆಟ್ಟಿಲು ಇಳಿಯಬೇಕು. ಎರಡು ಕೋಣೆ, ಅಡಿಗೆಮನೆ, ಬಚ್ಚಲು. ಬೇಸಗೆಯಲ್ಲಿ ಗುಡಿಯ ಗರ್ಭಗೃಹದಂತೆ ತಂಪು. ಮೃಗಶಿರಾ ಮಳೆ ಹಿಡಿಯಿತೆಂದರೆ ಮಾತ್ರ ಮಣ್ಣಿಗೆ ತಾಗಿದ ಗೋಡೆ ಹಸಿ ಕುಡಿಯಲಾರಂಭಿಸಿ ಗಣೇಶ ಚೌತಿಯವರೆಗೂ ಆರುವುದಿಲ್ಲ. ಬೆಳಗಾವಿಯ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಳೆದ ಚೈತ್ರದಲ್ಲಿ ಅಲ್ಲಿದ್ದ ಸಂಸಾರ ಧಾರವಾಡಕ್ಕೆ ವರ್ಗವಾಗಿ ಹೋಯಿತು. ಗೋಡೆಗೆ ಬಣ್ಣ ಬಳಿಸಿದೆವು. ಹಸಿಯ ಕಲೆಗಳಿದ್ದಲ್ಲಿ ಎರಡು ಸಲ ಹೆಚ್ಚಾಗಿ ಬಳಿಸಿದೆವು. ಗೇಟಿಗೆ ಹಲಗೆ ಕಟ್ಟಿದೆವು: 'ಮನೆ ಬಾಡಿಗೆಗೆ ಕೊಡುವುದಿದೆ.' ಕೆಳಗೆ ಅದೇ ಮಾತು ಮರಾಠಿಯಲ್ಲಿ. ಸಂಜೆ ಜೋಕಾಲಿಯ ಮೇಲೆ ಕುಳಿತು ನಮ್ಮ ತಾಯಿಯವರು ಲಕ್ಷಣಗಳ ಪಟ್ಟಿ ಹೇಳಿದರು. ನಮ್ಮವರೇ ಆದರೆ ಉತ್ತಮ. ಸಿಗದಿದ್ದರೆ ಶಾಕಾಹಾರಿಗಳಾದರೂ ಆಗಿರಬೇಕು. ಸಣ್ಣ ಸಂಸಾರ. ಸರಕಾರಿ ನೌಕರಿ, ಆದರೆ ಪೊಲೀಸ್ ಖಾತೆಯದಲ್ಲ. ವಕೀಲರಂತೂ ಬೇಡವೇ ಬೇಡ, ಬಿಡಿಸಲು ಹೋದರೆ ಅವರೇ ನಮ್ಮನ್ನು ಬಿಡಿಸಿಯಾರು. ಪಕ್ಕದ ಮನೆಯವರು ಇದಕ್ಕೆ ಪತ್ರಕರ್ತರನ್ನೂ ಮದುವೆಯಾಗದ ಹುಡುಗರನ್ನೂ ಸೇರಿಸಿದರು. ನಾನು ಬಾಯಿ ತೆರೆಯಲಿಲ್ಲ. ಕಾಲೇಜು ಮಾಸ್ತರರಿಗೂ ಮನೆ ಕೊಡಲೊಲ್ಲದವರು ಈ ಊರಿನಲ್ಲಿದ್ದಾರೆಂಬುದನ್ನು ನಾನು ಬಲ್ಲೆ.

ಬೆಳಗಾವಿಯಲ್ಲಿ ಜಾತಿಯನ್ನು ನೇರವಾಗಿ ಕೇಳುವಷ್ಟು ಅಸಭ್ಯರು ಯಾರೂ ಇಲ್ಲ. 'ಅಡ್ಡಹೆಸರು ಏನ್ರಿ?' ಎಂದು ಕೇಳುತ್ತಾರೆ. ಬಂದವರ ಅಡ್ಡಹೆಸರು ಊರಿನ ಹೆಸರಿಗೆ 'ಕರ' ಎಂದು ಸೇರಿದ್ದಾಗಿದ್ದರೆ ಅದರಿಂದ ಏನೂ ತಿಳಿಯದು. ಆಗ 'ಮೂಲ ಊರು ಯಾವುದ್ರಿ?' ಎಂಬ ಎರಡನೆಯ ಪ್ರಶ್ನೆ. ಅದೂ ಸಾಲದಿದ್ದರೆ 'ಮನಿದೇವರು ಯಾವುದ್ರಿ?' ಎಂಬ ಮೂರನೆಯದು. ಈ ಮೂರು ಪ್ರಶ್ನೆಗಳನ್ನು ದಾಟಿ ಗುಟ್ಟಾಗಿ ಉಳಿಯಬಲ್ಲ ಜಾತಿ ಈ ಜಿಲ್ಲೆಯಲ್ಲಿ ಇರಲಾರದು. ಎಲ್ಲವೂ ನಗುನಗುತ್ತಲೇ ನಡೆಯುತ್ತದೆ.

ಮೊದಲು ಬಂದವರು ಖಾನಾಪುರದ ಕಡೆಯವರೊಬ್ಬರು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ, ಬೆಳಗಾವಿಗೆ ವರ್ಗವಾಗಿತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮನೆಯನ್ನೆಲ್ಲ ನೋಡಿ, ನಾವು ಹೆಚ್ಚಾಗಿ ಬಣ್ಣ ಬಳಿಸಿದ ಗೋಡೆಯನ್ನೇ ಹುಡುಕಿ ಅಂಗೈಯಿಟ್ಟು ನೋಡಿದರು.

"ಮಳಿಗಾಲದಾಗ ಹಸಿ ಹಿಡೀತೈತೇನ್ರಿ ಸರ?"

"ಸ್ವಲ್ಪ," ಎಂದೆ.

"ನಡೀತೈತ್ರಿ. ನಮ್ಮ ಖಾನಾಪುರದಾಗ ಇದರಪ್ಪ ಇರ್ತೈತಿ."

ಬಾಡಿಗೆಗೆ ಒಪ್ಪಿದರು. ಮೂರು ತಿಂಗಳ ಮುಂಗಡ ಕೊಡುತ್ತೇನೆಂದರು. ಮೇಲೆ ಬಂದು ಚಹಾ ಕುಡಿಯುವಾಗ ತಾಯಿಯವರು ಜೋಕಾಲಿಯಿಂದ ಮೊದಲನೆಯ ಪ್ರಶ್ನೆ ಕೇಳಿದರು. ಅವರು ಅಡ್ಡಹೆಸರು ಹೇಳಿದರು, ಎರಡನೆಯ ಪ್ರಶ್ನೆಗೆ ಕಾಯದೆ, "ನೀವು ಕೇಳೋದು ತಿಳೀತ್ರಿ ಅವ್ವಾರ. ನಾವು ಪರಿಶಿಷ್ಟರ ಪೈಕಿ," ಎಂದರು. ತಾಯಿಯವರು ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದರು. ಮಾತು ನನ್ನ ಪಾಲಿಗೆ ಬಂತು. "ನಿಮಗಿಂತ ಮೊದಲs ಇಬ್ಬರು ನೋಡಿ ಹೋಗ್ಯಾರ್ರಿ, ಅವರದು ಪಕ್ಕಾ ಆದಂಗ ಐತಿ. ನಂಬರ ಕೊಟ್ಟು ಹೋಗ್ರಿ, ಫೋನ್ ಮಾಡ್ತೀನಿ," ಎಂದೆ. ಅದುವರೆಗೆ ಆ ಮನೆಯನ್ನು ನೋಡಲು ನರಪಿಳ್ಳೆಯೂ ಬಂದಿರಲಿಲ್ಲ.

ನಾಲ್ಕು ದಿನಗಳ ಮೇಲೆ ಕಾಲೇಜಿನಿಂದ ಬರುತ್ತಿದ್ದೆ. ನಮ್ಮ ಗೇಟಿನೆದುರಿನ ಬಸ್ ನಿಲ್ದಾಣದಲ್ಲಿ ಅವರು ನಿಂತಿದ್ದರು. ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು, ಕೈಮುಗಿದು ಬಸ್ಸು ಹತ್ತಿದರು. ಅವರ ಮುಖದಲ್ಲಿ ಸಿಟ್ಟಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೇನೋ.

ನಾನೂ ಒಂದು ಕಾಲಕ್ಕೆ ಖಾನಾಪುರದಿಂದ ಬೆಳಗಾವಿಗೆ ಕೋಣೆ ಹುಡುಕುತ್ತ ಬಂದವನೇ. ಸುಮಾರು 26 ಕಿಲೋಮೀಟರ್ ದಾರಿ. ಬಿ.ಎ. ಮೊದಲ ವರ್ಷವೆಲ್ಲ ನಸುಕಿನ ರೈಲು ಹಿಡಿದು, ಇದಲಹೊಂಡ, ದೇಸೂರ ದಾಟಿ, ನಿದ್ದೆಗಣ್ಣಿನಲ್ಲಿಯೇ ತರಗತಿಗೆ ಬಂದಿದ್ದೇನೆ. ಎಂ.ಎ. ಮುಗಿಸಿ ನೌಕರಿಗೆ ಸೇರಿದಾಗ ಹಿಂದವಾಡಿಯಲ್ಲಿಯೂ ಶಹಾಪುರದಲ್ಲಿಯೂ ಎಷ್ಟೋ ಬಾಗಿಲುಗಳಲ್ಲಿ 'ಸಂಸಾರಸ್ಥರಿಗೆ ಮಾತ್ರ' ಎಂಬ ಮಾತನ್ನು ಕೇಳಿದೆ. ಆ ದಿನಗಳ ಅವಮಾನವನ್ನು ಗೆಳೆಯರ ಮುಂದೆ ರಸವತ್ತಾಗಿ ವರ್ಣಿಸುವುದು ನನ್ನ ಅಭ್ಯಾಸ. ಬಸ್ಸು ಹೋದ ಮೇಲೆ ಆ ವರ್ಣನೆಯ ರುಚಿ ಕೆಟ್ಟಿತು. ನನ್ನ ಅಪರಾಧ ಮದುವೆಯಾಗದಿದ್ದುದು. ಒಂದು ಅಕ್ಷತೆಯ ಕಾಳಿನಿಂದ ಅದು ಕಳೆಯಿತು. ಅವರದನ್ನು ಕಳೆಯುವ ಅಕ್ಷತೆ ಎಲ್ಲಿದೆ?

ಬಂದವರಿಗೆ ಬಾಗಿಲು ತೆರೆದ ಊರೆಂಬ ಅಭಿಮಾನ ಬೆಳಗಾವಿಯವರಿಗೆ ಉಂಟು. 1892ರ ಅಕ್ಟೋಬರದಲ್ಲಿ, ಇನ್ನೂ ಜಗತ್ತಿಗೆ ಅಪರಿಚಿತರಾಗಿದ್ದ ಸ್ವಾಮಿ ವಿವೇಕಾನಂದರು ಇಲ್ಲಿಗೆ ಬಂದು ಮೊದಲು ರಿಸಾಲದಾರ ಗಲ್ಲಿಯ ಭಾಟೆ ವಕೀಲರ ಮನೆಯಲ್ಲಿಯೂ, ಆಮೇಲೆ ಕೋಟೆಯಲ್ಲಿದ್ದ ಬಂಗಾಲಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿಯೂ ತಂಗಿದರು. ವೀಳ್ಯ ಬೇಡಿದ, ಹೊಗೆಸೊಪ್ಪು ಬೇಡಿದ ಆ ಸಂನ್ಯಾಸಿಯನ್ನು ಕಂಡು ಭಾಟೆಯವರ ಮನೆಯವರು ಬೆರಗಾದರಂತೆ. ಊಟದ ವಿಚಾರ ಕೇಳಿದಾಗ, ತಾವು ಪರಮಹಂಸ ಪಂಥದವರು, ನೀಡಿದ್ದನ್ನು ಉಣ್ಣುವವರು, ಮುಸಲ್ಮಾನರ ಮನೆಯಲ್ಲಿಯೂ ಉಂಡಿದ್ದೇವೆ ಎಂದು ಅವರು ಹೇಳಿದುದನ್ನು ಭಾಟೆಯವರ ಮಗ ಮುಂದೆ ಬರೆದಿಟ್ಟಿದ್ದಾರೆ. ಆದರೂ ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಇದು ಸಂತೋಷದ ಮಾತು. ಜೊತೆಗೆ ಇನ್ನೊಂದು ಮಾತನ್ನೂ ನೆನೆಯಬೇಕು: ಸ್ವಾಮಿಗಳ ಕೈಯಲ್ಲಿ ಕೊಲ್ಹಾಪುರ ದರಬಾರಿನ ಅಧಿಕಾರಿಯೊಬ್ಬರ ಪರಿಚಯದ ಚೀಟಿಯಿತ್ತು.

ಚೀಟಿಯೂ ಉಪಯೋಗಕ್ಕೆ ಬಾರದ ಪ್ರಸಂಗ 25 ವರ್ಷಗಳ ನಂತರ ಬಡೋದೆಯಲ್ಲಿ ನಡೆಯಿತು. 1917ರಲ್ಲಿ ಡಾ. ಬಾಬಾಸಾಹೇಬ ಅಂಬೇಡಕರರು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ವಿಲಾಯತಿಯನ್ನೂ ಕಂಡು, ತಮಗೆ ವಿದ್ಯಾರ್ಥಿವೇತನ ಕೊಟ್ಟ ಗಾಯಕವಾಡ ಮಹಾರಾಜರ ಸಂಸ್ಥಾನಕ್ಕೆ ಸೇವೆ ಸಲ್ಲಿಸಲು ಹೋದರು. ಮಹಾರಾಜರ ಅಭಯವಿದ್ದರೂ ಇರಲು ಮನೆಯಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರು ಬರೆಸಿ ಮೇಲಿನ ಕೋಣೆಯಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಹೊರಡಬೇಕೆಂದಿತು. ಅವರು ಇಬ್ಬರು ಗೆಳೆಯರನ್ನು ಕೇಳಿದರು. ಒಬ್ಬ ಹಿಂದು, ನೀನು ಬಂದರೆ ನನ್ನ ಆಳುಗಳು ಬಿಟ್ಟುಹೋಗುತ್ತಾರೆಂದ. ಇನ್ನೊಬ್ಬ ಕ್ರೈಸ್ತ, ಹೆಂಡತಿಯನ್ನು ಕೇಳಿ ಹೇಳುತ್ತೇನೆಂದ. ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ಅವರು ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು. ಇದನ್ನು ಅವರೇ ತಮ್ಮ ಸಣ್ಣ ಆತ್ಮಕಥನದಲ್ಲಿ ಬರೆದಿದ್ದಾರೆ. ಬಡಿಗೆ ಹಿಡಿದವರಿಗಿಂತ ಆ ಇಬ್ಬರು ಗೆಳೆಯರೇ ನನಗೆ ಹೆಚ್ಚು ಪರಿಚಿತರಾಗಿ ಕಂಡರು. ಅವರು ಸಭ್ಯರು, ನನ್ನಂತೆ ನೆಪ ಹೇಳಬಲ್ಲವರು.

ಇಷ್ಟಾದ ಮೇಲೆ, ಮನೆ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನ ಇಚ್ಛೆಯಲ್ಲವೇ ಎಂಬ ಪ್ರಶ್ನೆಯನ್ನು ಹಿಡಿದು ಕಾನೂನು ಕಾಲೇಜಿನ ಸ್ನೇಹಿತರೊಬ್ಬರ ಬಳಿಗೆ ಹೋದೆ.

ಮನೆಮಾಲಕನ ಈ ಇಚ್ಛೆಗೆ ನಮ್ಮ ಭಾಗದಲ್ಲಿ ಏರಿಳಿತದ ಚರಿತ್ರೆಯೇ ಇದೆಯೆಂದು ಅವರಿಂದ ತಿಳಿಯಿತು. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗ 1947ರ ಮುಂಬಯಿ ಬಾಡಿಗೆ ಕಾಯ್ದೆ ನಡೆಯುತ್ತಿತ್ತು. ಅದು ಬಾಡಿಗೆಯನ್ನು 1940ರ ಸಪ್ಟೆಂಬರ ಒಂದನೆಯ ತಾರೀಖಿನ ದರಕ್ಕೆ ಕಟ್ಟಿಹಾಕಿತ್ತು. ಏಕೀಕರಣದ ನಂತರ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದರ ಪ್ರಕಾರ ಮನೆ ತೆರವಾದ ಹದಿನೈದು ದಿನಗಳೊಳಗೆ ಮಾಲಕನು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು. ಆ ಮನೆಯನ್ನು ಯಾರಿಗೆ ಕೊಡಬೇಕೆಂದು ಅಧಿಕಾರಿಯೇ ಆಜ್ಞೆ ಮಾಡಬಹುದಾಗಿತ್ತು. ಅಂದರೆ ನನ್ನ ಬಾಡಿಗೆದಾರನನ್ನು ಆರಿಸುವವನು ಕಚೇರಿಯಲ್ಲಿ ಕುಳಿತ ಮೂರನೆಯವನು! ಇಷ್ಟು ಬಿಗಿಯಾದ ಕಾಯ್ದೆ ಇದ್ದಾಗ ಜನ ಮನೆಯನ್ನು ಬೀಗ ಹಾಕಿ ಇಟ್ಟುಕೊಳ್ಳಲು ಕಲಿತದ್ದರಲ್ಲಿ ಆಶ್ಚರ್ಯವಿಲ್ಲ. 2001ರ ಕೊನೆಯಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದು ಹಳೆಯದು ಹೋಯಿತು. ಹೊಸ ಕಾಯ್ದೆಯು, ಊರನ್ನು ನೋಡಿ, ತಿಂಗಳಿಗೆ 3500 ಅಥವಾ 2000 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳ ಗೋಜಿಗೇ ಹೋಗಲಿಲ್ಲ. ಇಂದು ಅಷ್ಟರ ಒಳಗೆ ಒಂದು ಕೋಣೆ ಸಿಗುವುದೂ ಕಷ್ಟ. ಆದ್ದರಿಂದ ಮಾಲಕನ ಇಚ್ಛೆ ಮತ್ತೆ ಮಾಲಕನ ಕೈಗೇ ಬಂದಿದೆ.

ಹಾಗಾದರೆ ಸಂವಿಧಾನ? ಅದರ 15ನೆಯ ಅನುಚ್ಛೇದ ಜಾತಿ, ಮತ, ಲಿಂಗಗಳ ಭೇದವನ್ನು ನಿಷೇಧಿಸುವುದು ಮುಖ್ಯವಾಗಿ ಸರಕಾರಕ್ಕೆ. ಅಂಗಡಿ, ಖಾನಾವಳಿ, ಬಾವಿ, ಕೆರೆಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ಖಾಸಗಿಯವರಿಗೂ ಅದು ಅನ್ವಯಿಸುತ್ತದೆ. ಖಾಸಗಿ ಮನೆಯ ಹೆಸರು ಅಲ್ಲಿಲ್ಲ. ಪಾರಸಿಗಳಿಗೆ ಮಾತ್ರ ಸದಸ್ಯತ್ವ ಕೊಡುವ ಗೃಹನಿರ್ಮಾಣ ಸಹಕಾರಿ ಸಂಘವೊಂದರ ನಿಯಮವನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದೂ ಉಂಟು. ಇದನ್ನು ಕೇಳಿ ನನಗೆ ಸ್ವಲ್ಪ ನೆಮ್ಮದಿಯಾಗುತ್ತಿತ್ತು. ಅಷ್ಟರಲ್ಲಿ ಸ್ನೇಹಿತರು ಇನ್ನೊಂದು ಪುಸ್ತಕ ತೆಗೆದರು.

ಅದು 1955ರದು. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಎಂದು ಹುಟ್ಟಿ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಿಸಿಕೊಂಡದ್ದು. ಯಾವುದೇ ಓಣಿಯಲ್ಲಿ ವಾಸದ ಮನೆ ಕಟ್ಟಲು, ಪಡೆಯಲು ಅಥವಾ ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಮಾಡುವುದು ಅದರ 4ನೆಯ ಕಲಮಿನ ಪ್ರಕಾರ ಅಪರಾಧ. ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳಿಗೆ ಮೀರದ ಸೆರೆ, ಮೇಲೆ ದಂಡ. ನೊಂದವನು ಪರಿಶಿಷ್ಟ ಜಾತಿಯವನಾಗಿದ್ದರೆ ಕಾರಣ ಅಸ್ಪೃಶ್ಯತೆಯೇ ಎಂದು ನ್ಯಾಯಾಲಯ ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಹೊಣೆ ಎದುರುಗಡೆಯವನದು. 'ಮೊದಲೇ ಇಬ್ಬರು ನೋಡಿ ಹೋಗಿದ್ದಾರೆ' ಎಂಬ ನನ್ನ ಮಾತನ್ನು ಆ ಕಲಮಿನ ಪಕ್ಕದಲ್ಲಿಟ್ಟು ನೋಡಿದೆ. ಇಬ್ಬರ ಹೆಸರು ಹೇಳೆಂದು ಕೇಳಿದರೆ ಏನು ಹೇಳುತ್ತಿದ್ದೆ?

ಮನೆಗೆ ಬಂದು ತಾಯಿಯವರಿಗೆ ವಿಷಯ ತಿಳಿಸಿದೆ. ಅವರು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. "ಜೇಲು ನನಗೋ ನಿನಗೋ?" ಎಂದರು. ಯಾರಿಗಾದರೂ ಆಗಬಹುದೆಂದೆ. "ನಾ ಎದ್ದು ಒಳಗ ಹೋದೆ, ಖರೆ. ಸುಳ್ಳು ಹೇಳಿದಾಂವ ನೀನು," ಎಂದು ಬತ್ತಿಯನ್ನು ಬಟ್ಟಲಿಗೆ ಹಾಕಿದರು. ಕನ್ನಡ ಎಂ.ಎ. ಪದವೀಧರನಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಖಾಸಗಿ ಮನೆಯ ಬಾಗಿಲಿಗೆ ಕಾಯ್ದೆ ಹೋಗಲಾರದೆಂಬ ಮಾತು ಈಚೆಗೆ ಇನ್ನೂ ಎರಡು ಕಡೆ ಸುಳ್ಳಾಗಿದೆ. ಎಚ್.ಐ.ವಿ. ಸೋಂಕಿತರ ಬಗೆಗಿನ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ 2019ರ ಕಾಯ್ದೆ ಇವೆರಡೂ, ಮನೆಯಲ್ಲಿ ವಾಸಿಸುವ, ಕೊಳ್ಳುವ, ಬಾಡಿಗೆಗೆ ಪಡೆಯುವ ಹಕ್ಕನ್ನು ಯಾರೂ ಆ ಕಾರಣಕ್ಕಾಗಿ ನಿರಾಕರಿಸಕೂಡದೆಂದು ಸ್ಪಷ್ಟವಾಗಿ ಹೇಳುತ್ತವೆ. ಉಳಿದದ್ದು ಮತ, ಆಹಾರ, ಭಾಷೆಗಳ ವಿಚಾರ. ಅಲ್ಲಿ ಕಾಯ್ದೆ ಮೌನ. ದಿಲ್ಲಿಯ ಸುತ್ತಮುತ್ತ ಸುಖದೇವ ಥೋರಾಟರೂ ಅವರ ಸಂಗಡಿಗರೂ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆ ಕೇಳಿದವರ ಹೆಸರಿನಿಂದ ಜಾತಿ, ಮತ ತಿಳಿಯುತ್ತಲೇ ದಲಿತರಿಗೂ ಮುಸಲ್ಮಾನರಿಗೂ ಬಾಗಿಲು ಮುಚ್ಚಿಕೊಂಡದ್ದು ಕಂಡುಬಂತು. ನಮ್ಮ ಕ್ಯಾಂಪಿನಲ್ಲಿ, ಖಡೇಬಜಾರಿನಲ್ಲಿ ಅಧ್ಯಯನ ನಡೆದರೂ ಬೇರೆ ಫಲ ಬಂದೀತೆಂದು ನಾನು ಪಣ ಕಟ್ಟಲಾರೆ.

ಅಮೆರಿಕದವರು ಈ ತೊಡಕನ್ನು ಬಗೆಹರಿಸಿದ ರೀತಿ ವಿಚಾರಾರ್ಹವಾಗಿದೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಅಧ್ಯಕ್ಷ ಜಾನ್ಸನ್ ನ್ಯಾಯಸಮ್ಮತ ವಸತಿ ಕಾಯ್ದೆಗೆ ಸಹಿ ಹಾಕಿದರು. ಆದರೆ ಮನೆಯ ಒಂದು ಭಾಗದಲ್ಲಿ ತಾನೇ ಇದ್ದುಕೊಂಡು, ಒಟ್ಟು ನಾಲ್ಕು ಸಂಸಾರಗಳಿಗೆ ಮೀರದ ಮನೆಯಲ್ಲಿ ಉಳಿದದ್ದನ್ನು ಬಾಡಿಗೆಗೆ ಕೊಡುವ ಮುದುಕಿಗೆ ಮಾತ್ರ ವಿನಾಯಿತಿ. ಚರ್ಚೆಯಲ್ಲಿ ಈ ಕಾಲ್ಪನಿಕ ಮುದುಕಿಗೆ 'ಶ್ರೀಮತಿ ಮರ್ಫಿ' ಎಂದು ಹೆಸರಿಟ್ಟಿದ್ದರು. ನಮ್ಮ ತಾಯಿಯವರ ಅವಳಿ ಸೋದರಿಯೆನ್ನಬಹುದು. ಆದರೆ ಆ ವಿನಾಯಿತಿಗೂ ಎರಡು ಬೇಲಿಗಳಿವೆ. 'ಇಂಥವರಿಗೆ ಮಾತ್ರ' ಎಂದು ಶ್ರೀಮತಿ ಮರ್ಫಿ ಕೂಡ ಜಾಹೀರಾತು ಕೊಡುವಂತಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1866ರ ಹಳೆಯ ಕಾಯ್ದೆಯೊಂದನ್ನು ಎತ್ತಿ ತೋರಿಸಿ, ಆಸ್ತಿಯ ವ್ಯವಹಾರದಲ್ಲಿ ಖಾಸಗಿಯವರೂ ವರ್ಣಭೇದ ಮಾಡಕೂಡದೆಂದಿತು. ಒಂದೇ ಸೂರಿನಡಿ ಬಾಳುವವರ ಅಳುಕಿಗೆ ಅಷ್ಟು ಸ್ಥಳ ಕೊಟ್ಟು, ಮೈಬಣ್ಣದ ಮಟ್ಟಿಗೆ ಮಾತ್ರ ಬಾಗಿಲು ಮುಚ್ಚಿದರು.

ಆ ಅಳುಕನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ನಮ್ಮ ತಾಯಿಯವರು ಎಪ್ಪತ್ತು ದಾಟಿದವರು. ಕೆಳಗಿನ ಅಡಿಗೆಮನೆಯ ಕಿಟಕಿ ಅವರ ದೇವರ ಕೋಣೆಯ ಕಿಟಕಿಯ ನೇರ ಕೆಳಗಿದೆ. ಮೀನಿನ ವಾಸನೆ ಅವರಿಗೆ ನಿಜವಾಗಿಯೂ ಹೊಟ್ಟೆ ತೊಳಸುತ್ತದೆ, ಅದು ದ್ವೇಷವಲ್ಲ. ಆದರೆ ತೊಂದರೆ ವಾಸನೆಯದಾದರೆ ಅದಕ್ಕೆ ಹೊಗೆ ಹೊರಹಾಕುವ ಪಂಖಾ ಉಂಟು, ಹಿತ್ತಲಿನ ಕಡೆಗೆ ಕೊಳವೆ ಉಂಟು. ಇದನ್ನು ನಾನು ಹೇಳಿದಾಗ ತಾಯಿಯವರು ತಕ್ಷಣ ಒಪ್ಪಲಿಲ್ಲ. ಶಾಕಾಹಾರದ ಮಾತಿನ ಹಿಂದೆ ಬೇರೆ ಮಾತು ಎಷ್ಟು ಅಡಗಿತ್ತೆಂಬುದು ಆಗ ಇಬ್ಬರಿಗೂ ತಿಳಿಯಿತು. ಮೂರನೆಯ ದಿನ, "ಹಾಕಿಸು, ನೋಡೂಣು," ಎಂದರು.

ಜ್ಯೇಷ್ಠದ ಮೊದಲ ರವಿವಾರ ಫೋನ್ ಮಾಡಿ ಖಾನಾಪುರಕ್ಕೆ ಹೋದೆ. ಮಳೆ ಆಗಲೇ ಹಿಡಿದಿತ್ತು. ಮಲಪ್ರಭೆ ಕೆಂಪಾಗಿ ಹರಿಯುತ್ತಿದ್ದಳು. ಹೆಂಚಿನ ಮನೆ, ಪಡಸಾಲೆಯಲ್ಲಿ ದೊಡ್ಡ ಮಗಳು ಅಭ್ಯಾಸ ಮಾಡುತ್ತಿದ್ದಳು. ಅವರು ಚಹಾ ತರಿಸಿದರು. ನಾನು ಹೇಳಬೇಕಾದುದನ್ನು ಹೇಳಿದೆ: ಇಬ್ಬರು ಬಂದಿರಲಿಲ್ಲ, ಮನೆ ಇನ್ನೂ ಖಾಲಿ ಇದೆ, ಮೂರು ತಿಂಗಳ ಮುಂಗಡ ಬೇಡ, ಎರಡು ಸಾಕು.

"ಗೊತ್ತಿತ್ರಿ ಸರ. ಹಲಗಿ ನೋಡಿದ್ನೆಲ್ರಿ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಇಲ್ಲೀತನಕಾ ಬಂದದ್ದು ದೊಡ್ಡದ್ರಿ. ಆದರ ಬ್ಯಾಡ್ರಿ. ಅವ್ವಾರು ಮ್ಯಾಲ ಇರ್ತಾರ, ನನ್ನ ಹುಡುಗ್ಯಾರು ಕೆಳಗ. ಬಾಗಲಾ ತಗದಾಗೊಮ್ಮೆ ಮ್ಯಾಲ ಮಾರಿ ನೋಡಿ ಹೊರಗ ಬೀಳಬೇಕು. ಅದಕಿಂತಾ ದಿನಾ ಬಸ್ ಹತ್ತೋದು ಹಗೂರ್ರಿ." ಸರಕಾರಿ ವಸತಿಗೃಹಕ್ಕೆ ಅರ್ಜಿ ಹಾಕಿದ್ದಾರಂತೆ. ಬರುವಾಗ ನಿಲ್ದಾಣದವರೆಗೆ ಕೊಡೆ ಹಿಡಿದುಕೊಂಡು ಬಂದು ಬಸ್ಸು ಹತ್ತಿಸಿದರು.

ಮರುದಿನ ಹಳೆಯ ಹಲಗೆಯ ಕೆಳಗೆ ಒಂದು ಕಾಗದ ಅಂಟಿಸಿದೆ. ತಿಂಗಳ ಬಾಡಿಗೆ 8000. ಮುಂಗಡ ಎರಡು ತಿಂಗಳದು; ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ ಅಷ್ಟೇ ಮಿತಿ ಹೇಳುತ್ತದೆ. ನಾಲ್ವರಿಗಿಂತ ಹೆಚ್ಚು ಜನ ಇರುವಂತಿಲ್ಲ, ಬಚ್ಚಲು ಒಂದೇ. ನೀರಿನ ಮೋಟಾರು ಮುಂಜಾನೆ ಆರರಿಂದ ಏಳು. ಮಾಲಕರು ಒಳಗೆ ಬರಬೇಕಾದರೆ ಹಿಂದಿನ ದಿನ ತಿಳಿಸುತ್ತಾರೆ. ಸಂಬಳದ ಚೀಟಿ ಇಲ್ಲವೆ ಹಿಂದಿನ ಮಾಲಕರ ಫೋನು ನಂಬರು ತರಬೇಕು. ರಸ್ತೆಯ ಕಡೆಯ ಗೋಡೆ ಮಳೆಗಾಲದಲ್ಲಿ ಹಸಿ ಹಿಡಿಯುತ್ತದೆ. ಇದಕ್ಕೆ ಒಪ್ಪಿ ಮೊದಲು ಬಂದವರಿಗೆ ಮನೆ. ಕೊನೆಯ ಸಾಲನ್ನು ಓದಿ ಪಕ್ಕದ ಮನೆಯವರು, ಇವರಿಗೆ ಮನೆ ಕೊಡುವ ಮನಸ್ಸೇ ಇಲ್ಲವೆಂದು ಎಲ್ಲರಿಗೂ ಹೇಳಿದರು. ಹಸಿಯ ಸಾಲಿನಿಂದಾಗಿ ಬಾಡಿಗೆಯಲ್ಲಿ 500 ಬಿಡಬೇಕಾಯಿತು ಎಂಬುದೂ ನಿಜ.

ಒಂಬತ್ತನೆಯ ದಿನ ದಾದಿಯೊಬ್ಬರು ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದರು. ಕಾಗದ ಓದಿದರು, ಗೋಡೆ ಮುಟ್ಟಿ ನೋಡಿದರು, ಸಂಬಳದ ಚೀಟಿ ತೋರಿಸಿದರು. ತಾಯಿಯವರು ಜೋಕಾಲಿಯ ಮೇಲಿದ್ದರು, ಬಾಯಿಯವರೆಗೆ ಬಂದ ಪ್ರಶ್ನೆಯನ್ನು ನುಂಗಿ, "ಚಹಾಕ್ಕ ಸಕ್ಕರಿ ನಡೀತೈತಿಲ್ಲೋ?" ಎಂದು ಕೇಳಿದರು. ಅವರ ಅಡ್ಡಹೆಸರನ್ನು ನಾನು ನೋಡಿದ್ದು ಕರಾರುಪತ್ರ ಬರೆಸುವಾಗಲೇ.

ಅವರು ಬಂದು ಈಗ ಮೂರು ತಿಂಗಳಾಯಿತು. ಶುಕ್ರವಾರ ಪಂಖಾ ಜೋರಾಗಿ ತಿರುಗುತ್ತದೆ. ತಾಯಿಯವರು ಆ ಹೊತ್ತಿಗೆ ದೇವರ ಕೋಣೆಯ ಕಿಟಕಿ ಮುಚ್ಚಿ ಊದುಬತ್ತಿ ಒಂದು ಹೆಚ್ಚು ಹಚ್ಚುತ್ತಾರೆ. ಮೊನ್ನೆ ಮೋಟಾರು ಏಳೂವರೆಯವರೆಗೆ ನಡೆಯಿತೆಂದು ಜಗಳವಾಯಿತು. ಮೇಲಿನವರು ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲಿ, ಕೆಳಗಿನ ಅಜ್ಜಿ ಬಾಗಿಲಲ್ಲಿ ನಿಂತು ಕೊಂಕಣಿಯಲ್ಲಿ, ಇಬ್ಬರೂ ಸಾಕಷ್ಟು ಹೊತ್ತು ಮಾತನಾಡಿದರು. ಹಸಿ ಹಿಡಿದ ಗೋಡೆಗೆ ಹೊರಗಿನಿಂದ ಗಿಲಾಯಿ ಮಾಡಬೇಕಂತೆ. ಗವಂಡಿ ದೀಪಾವಳಿ ಮುಗಿಸಿ ಬರುತ್ತೇನೆಂದಿದ್ದಾನೆ.